ಮೂಗಿನ ಹಕ್ಕಳಿ

ಕಳೆದ ವಾರ ಆಸ್ಪತ್ರೆಯವರು ನಮ್ಮ ಅತ್ತೆಯ ಕೈಗಳನ್ನು ಮಂಚಕ್ಕೆ ಕಟ್ಟುವುದರಲ್ಲಿದ್ದರು.

ಎದೆಯಲ್ಲಿ ಕಫ ತುಂಬಿ ಅವರು ಮುಲುಂಡಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾರೆ. ಮೂಗಿಗೆ ಆಕ್ಸಿಜನ್ ನಳಿಗೆ. ಮಗಳನ್ನು ಕೂರಿಸಿ, ನಾನು ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿ ಗಂಜಿ ತರುವಷ್ಟರಲ್ಲಿ ಅತ್ತೆ ನಾಲ್ಕು ಸಲ ನಳಿಗೆ ಕಿತ್ತು ಹಾಕಿದ್ದರು. ಸಿಸ್ಟರ್ ಕೈಯಲ್ಲಿ ಬ್ಯಾಂಡೇಜ್ ಪಟ್ಟಿ ಇತ್ತು. "ಕ್ಯಾ ಕರೂಂ ಆಂಟಿ, ಆಕ್ಸಿಜನ್ ಗಿರ್ ರಹಾ ಹೈ." ಆಕ್ಸಿಜನ್ ಇಳಿಯುತ್ತಿದೆ, ನಾನೇನು ಮಾಡಲಿ ಅಂದಳು.

ಮಗಳ ಕಣ್ಣು ಕೆಂಪಗಾಗಿತ್ತು. "ಅಮ್ಮಾ, ಅಜ್ಜಿ ಕನ್ಫ್ಯೂಸ್ ಆಗ್ಯಾರ. ಏನೋ ಒಂದೇ ವರ್ಡ್ ಹೇಳ್ಲಿಕ್ಕತ್ತಾರ. ಸಿಸ್ಟರ್‌ಗೂ ಹಂಗ ಹೇಳ್ದೆ."

ಬಗ್ಗಿ ಕಿವಿಗೊಟ್ಟೆ.

"ಹಕ್ಕಳಿ... ಮೂಗಿನಾಗ ಹಕ್ಕಳಿ ಕಟ್ಯದವಾ."

ಇದು ಕನ್ಫ್ಯೂಷನ್ನೇ? ಗಾಯದ ಮೇಲೆ ಒಣಗಿ ಕಟ್ಟುವುದಕ್ಕೆ ನಮ್ಮ ಧಾರವಾಡದ ಕಡೆ ಹಕ್ಕಳಿ ಅನ್ನುತ್ತೇವೆ (ಪುಸ್ತಕದಲ್ಲಿ ಹಕ್ಕಳೆ). ಮೂಗಿನಲ್ಲಿ ಸಿಂಬಳ ಒಣಗಿ ಕಲ್ಲಾದರೂ ಅದೇ ಹೆಸರು. ಮಾತಿನ ಮೂಲ ಪಂಡಿತರು ಹೇಳಲಿ. ಗಾಯದಿಂದಲೇ ಮೂಗಿಗೆ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ. ಕಿತ್ತರೆ ಎರಡರಲ್ಲೂ ರಕ್ತ ಬರುತ್ತದಲ್ಲ?

ಹಿಂದಿಯಲ್ಲಿ ಇದನ್ನು ಹೇಳುವುದು ಹೇಗೆ? ನಾಚಿಕೊಂಡು ಮೂಗು ತೋರಿಸಿದೆ. ನೆಲ ಒರೆಸುತ್ತಿದ್ದ ಮಾವಶಿ ತಲೆಯೆತ್ತದೆ ಅಂದಳು, "ಮೇಕೂಡ್, ಸಿಸ್ಟರ್. ನಾಕಾತ್ ಮೇಕೂಡ್." (ಮರಾಠಿಯಲ್ಲೂ ಹಕ್ಕಳಿಗೆ ಒಂದು ಮಾತಿಟ್ಟಿದ್ದಾನೆ, ದೇವರು ದೊಡ್ಡವನು.)

ಸಿಸ್ಟರ್ ಟಾರ್ಚ್ ಹಿಡಿದು ನೋಡಿದಳು. ಎರಡೂ ಹೊಳ್ಳೆ ಮುಚ್ಚಿದ್ದವು. ಪಟ್ಟಿ ಜೇಬಿಗೆ ಹೋಯಿತು, ಸಲೈನ್ ನೀರು ಬಂತು. ಗಾಜ್ ಬಟ್ಟೆ ತಾಗಿದರೆ ಅತ್ತೆ ಮುಖ ತಿರುಗಿಸುತ್ತಿದ್ದರು. ನನ್ನ ಚೀಲದಲ್ಲಿ ಹತ್ತಿಯ ಬತ್ತಿಗಳಿದ್ದವು. ಹರಕೆಗೆಂದು ಮಡಿಯಲ್ಲಿ ಹೊಸೆದವು. ಕೈ ಒಂದು ಗಳಿಗೆ ತಡೆಯಿತು. ದೇವರಿಗೆ ಹೊಸೆದದ್ದನ್ನು ಸಿಂಬಳಕ್ಕೆ ಮುಟ್ಟಿಸುವುದೇ?

ಸಲೈನ್ ನೀರಿನಲ್ಲಿ ಅದ್ದಿ ಮುಟ್ಟಿಸಿದೆ. ಹನ್ನೊಂದು ಬತ್ತಿ ಬೇಕಾದವು. ಕೊನೆಯ ಹಕ್ಕಳಿ ಹೊರಬಂದಾಗ ಅತ್ತೆ ಉದ್ದಕ್ಕೆ ಉಸಿರೆಳೆದರು. ನಳಿಗೆ ಹಾಕಿದರೆ ಸುಮ್ಮನಿದ್ದರು. ಹಾಗೇ ನಿದ್ದೆ ಹೋದರು.

"ಈ ವರ್ಡ್ ನನಗ್ಯಾಕ ಗೊತ್ತಿಲ್ಲಮ್ಮ?" ಮಗಳು ಮೆಲ್ಲಗೆ ಕೇಳಿದಳು.

ಚಿಕ್ಕವಳಿದ್ದಾಗ ಮೂಗಿಗೆ ಬೆರಳು ಹೋದರೆ ಕೈಮೇಲೆ ಏಟು ಹಾಕಿ "ಛೀ" ಅನ್ನುತ್ತಿದ್ದೆ. ಅಷ್ಟೇ. ಅದರ ಹೆಸರನ್ನು ಎಂದೂ ಬಾಯಿಗೆ ತಂದವಳಲ್ಲ.

ದೇವರ ಹೆಸರು ನನಗೆ ಗೊತ್ತಿದ್ದಷ್ಟನ್ನೂ ಅವಳಿಗೆ ಕಲಿಸಿದೆ. ಅಜ್ಜಿಯ ಸಂಕಟದ ಈ ಒಂದು ಹೆಸರು ಕಲಿಸಲು ನನಗೇನು ಮಡಿ ಅಡ್ಡ ಬಂದಿತ್ತು?