ಅಳಿಸದ ಅಕ್ಷರದ ವಾಲ್ವು

ಸವಣೂರಿನಲ್ಲಿ ನಾನು ರೇಡಿಯೊ ರಿಪೇರಿ ಅಂಗಡಿ ತೆರೆದದ್ದು ಅರವತ್ತರ ದಶಕದ ಮೊದಲಲ್ಲಿ. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತಿದ್ದೆ. ಉಳಿದ ಜ್ಞಾನ ಹುಟ್ಟಿನಿಂದಲೇ ಬಂದಿದೆಯೆಂದು ನಂಬಿದ್ದೆ. ಅದಕ್ಕೂ ಮೊದಲು ಅಪ್ಪನ ಬಾಂಡೆ ಅಂಗಡಿಯಲ್ಲಿ ಕೂತು, ಮದುವೆಗೆ ಕೊಂಡ ಕೊಡ, ತಂಬಿಗೆಗಳ ಮೇಲೆ ಹೆಸರು ಕೊರೆಯುತ್ತಿದ್ದೆ. ನಮ್ಮ ಕಡೆ ಹೆಸರಿಲ್ಲದ ತಂಬಿಗೆಗೆ ಬೆಲೆಯಿಲ್ಲ. ಬೂದಿ ಹಾಕಿ ತಿಕ್ಕಿದರೂ ಹೋಗಬಾರದು, ಅದೇ ಹೆಸರು.

ಈ ವಿದ್ಯೆಯನ್ನೇ ನಾನು ರೇಡಿಯೊದೊಳಗೆ ಉರಿಯುವ ಗಾಜಿನ ವಾಲ್ವುಗಳಿಗೂ ಹಚ್ಚಿದೆ. ಆಗ ಖೊಟ್ಟಿ ವಾಲ್ವುಗಳ ಸುಗ್ಗಿ. ಸವೆದ ವಾಲ್ವಿನ ಅಕ್ಷರ ತೊಳೆದು, ಕಾಲುಗಳನ್ನು ಉಜ್ಜಿ, ಹೊಸ ಹೆಸರು ಹೊಡೆದು, ಹೊಸ ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು. ನನ್ನ ಪರೀಕ್ಷೆ ಸರಳ. ಹೆಬ್ಬೆರಳಿನಿಂದ ತಿಕ್ಕುವುದು, ಅಕ್ಷರ ಹೋದರೆ ಖೊಟ್ಟಿ, ನಿಂತರೆ ಅಸಲಿ. ಹಾನಗಲ್ಲಿನಿಂದ, ಶಿಗ್ಗಾವಿಯಿಂದ ಕೌದಿಯಲ್ಲಿ ರೇಡಿಯೊ ಸುತ್ತಿಕೊಂಡು ಬಂದವರೆಲ್ಲ ನನ್ನ ಪಾಂಡಿತ್ಯಕ್ಕೆ ತಲೆದೂಗಿದ್ದರು.

ಒಮ್ಮೆ ಹಿರೇಕೆರೂರಿನ ಹೆಂಗಸೊಬ್ಬಳು ರೇಡಿಯೊ ಹೊತ್ತು ಬಂದಳು. ಅವಳ ಮಗಳು ಗುರುವಾರ ಬೆಳಿಗ್ಗೆ ಧಾರವಾಡದ ರೇಡಿಯೊದಲ್ಲಿ ಮೊದಲ ಸಲ ಹಾಡುವವಳಿದ್ದಳು, ಒಂದೇ ಹಾಡು. ಮನೆಯ ರೇಡಿಯೊದ ಒಂದು ವಾಲ್ವು ಸತ್ತಿತ್ತು. ಹುಬ್ಬಳ್ಳಿಯಿಂದ ತಮ್ಮ ತಂದುಕೊಟ್ಟ ಹೊಸದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ತಿಕ್ಕಿದೆ. ಅಕ್ಷರವೆಲ್ಲ ನನ್ನ ಬೆರಳಿಗೆ ಬಂತು.

“ಅಕ್ಕಾರ, ನಿಮ್ಮ ತಮ್ಮಗ ಚಂದಂಗೆ ಟೊಪಗಿ ಹಾಕ್ಯಾರ್ರಿ,” ಎಂದೆ.

“ಯಾವುದರ ಹಾಕ್ರಿ. ಹಾಡೊಂದು ತಪ್ಪಬಾರದು ನೋಡ್ರಿ.”

“ನಾ ಅದೇನಿ, ಚಿಂತಿ ಬ್ಯಾಡ್ರಿ.”

ಇನ್ನೊಬ್ಬರು ಮೋಸ ಹೋಗಬಾರದೆಂಬ ಲೋಕಕಲ್ಯಾಣದ ಕಳಕಳಿಯಿಂದ ಅವಳೆದುರೇ ಅದನ್ನು ಒಡೆದುಹಾಕಿದೆ. ನನ್ನಲ್ಲಿದ್ದ ಗಟ್ಟಿ ಅಕ್ಷರದ ವಾಲ್ವು ಕೂಡಿಸಿ ಕಳಿಸಿದೆ.

ಗುರುವಾರ, ಹೊಗಳಿಸಿಕೊಳ್ಳಲೆಂದೇ, ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೋದೆ. ಓಣಿಯವರೆಲ್ಲ ಕೂಡಿದ್ದರು, ಕುರ್ಚಿ ನನಗೊಬ್ಬನಿಗೇ. ಮಗಳ ಹೆಸರು ಹೇಳಿದರು, ತಂಬೂರಿ ಮಿಡಿಯಿತು, ರೇಡಿಯೊ ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾನು ಪೆಟ್ಟಿಗೆಯ ತಲೆಗೆ ಬಡಿದೆ. ಆರು ತಿಂಗಳ ಶಿಕ್ಷಣದ ಸಾರ ಅಷ್ಟೇ. ತಾಯಿ ಹಿಂದಿನ ಓಣಿಯ ರೇಡಿಯೊ ಕೇಳಲು ಎದ್ದು ಓಡುವುದರಲ್ಲಿದ್ದಳು.

“ಕುಂದರ್ರಿ ಅಕ್ಕಾರ, ಈಗ ಹತ್ತತೈತಿ,” ಎಂದು ತಡೆದೆ. ಪಾಪ, ನಂಬಿ ಕೂತಳು.

ಕಾದ ವಾಲ್ವನ್ನು ಟವೆಲಿನಿಂದ ಹಿಡಿದು ಕಿತ್ತು ಕಿಟಕಿಯ ಬೆಳಕಿಗೆ ನೋಡಿದೆ. ಗಟ್ಟಿ ಅಕ್ಷರಗಳ ಕೆಳಗೆ ಬೇರೊಂದು ನಂಬರು ಮಸುಕಾಗಿ ಕಂಡಿತು. ಎಷ್ಟೋ ಅಸಲಿ ವಾಲ್ವುಗಳ ಅಕ್ಷರ ಬೆರಳು ತಾಗಿದರೆ ಹೋಗುತ್ತದೆ, ಅಳಿಸದಂತೆ ಬರೆಯುವವನು ಖೊಟ್ಟಿಯವನೇ ಎಂದು ಆಮೇಲೆ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬ ನಕ್ಕು ಹೇಳಿದ. ಅಂದರೆ ನಾನು ಒಡೆದದ್ದೇ ಅಸಲಿ. ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಅವತ್ತು ವಾಲ್ವು ಇನ್ನೂ ನನ್ನ ಕೈಯಲ್ಲಿರುವಾಗಲೇ ಹಾಡು ಮುಗಿದು, ತಾಯಿಯ ಗೆಳತಿ ಹಿಂದಿನ ಓಣಿಯಿಂದ ಓಡುತ್ತ ಬಂದಳು. “ಏನ್ ಹಾಡಿದ್ಲಬೇ ನಿನ್ನ ಮಗಳು! ಕಣ್ಣಾಗ ನೀರು ಬಂದ್ವು.”

ತಾಯಿ ಎದ್ದು ಬಾಗಿಲಿಗೆ ಬಂದಳು. ಗೆಳತಿಯ ಎರಡೂ ಕೈ ಹಿಡಿದುಕೊಂಡು, “ಯಾವ ಹಾಡಬೇ?” ಎಂದು ಕೇಳಿದಳು.