ಹರಿಗೋಲನ್ನು ಕೂಗಿ ಕರೆಯಬಾರದು

ಕಂಪ್ಲಿಯ ಹೊಳೆದಂಡೆ, ಮಟಮಟ ಮಧ್ಯಾಹ್ನ. ಆಚೆ ದಡದಲ್ಲಿದ್ದ ಹರಿಗೋಲಿನವನನ್ನು ಗಂಟಲು ಹರಿಯುವಂತೆ ಕೂಗಿದ ಮೇಲೆ ಪುರಸಭೆಯ ಬೋರ್ಡು ಕಣ್ಣಿಗೆ ಬಿತ್ತು: ‘ಇಲ್ಲಿ ಕೂಗಾಡುವುದು, ಗಲಾಟೆ ಮಾಡುವುದು ನಿಷಿದ್ಧ.’ ನಮ್ಮೂರಲ್ಲಾದರೆ ಇಂಥ ಬೋರ್ಡಿನ ಕೆಳಗೇ ಗಲಾಟೆ. ಇಲ್ಲಿ ಚಹಾ ಮಾರುವ ಅಜ್ಜಿಯೂ ಪಿಸುಗುಡುತ್ತಿದ್ದಳು.

“ದಂಡ ಹಾಕ್ತಾರೇನಜ್ಜಿ?” ಎಂದು ನಕ್ಕೆ.

“ದಂಡದ ಮಾತಲ್ರೀ. ನಾವು ಟವೆಲ್ ಬೀಸಿ ಕರಿತೀವಿ. ಕೂಗಿದ್ರ, ಹೊಳ್ಯಾಗ ಮುಳುಗಿ ಸತ್ತೋರು ತಮ್ಮನ್ನ ಕರದ್ರು ಅಂತ ಎದ್ದು ಬರ್ತಾರ.”

ಹರಿಗೋಲು ಬಂತು. ನಾನೊಬ್ಬನೇ ಹತ್ತಿ ಕುಳಿತೆ. ಅಂಬಿಗ ಹುಟ್ಟು ಹಾಕಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತ ಮೆಲ್ಲಗೆ ಹೇಳಿದ: “ಒಂಚೂರು ಸರಕೊಳ್ರಿ ಸರ. ನೀವು ಕರದೋರು ಕುಂದ್ರಲಿ.”

ಹಿಂದೆ ಯಾರೂ ಇರಲಿಲ್ಲ. ಆದರೂ ಅಂಚಿಗೆ ಸರಿದೆ. ನಾನು ಬಿಟ್ಟ ಜಾಗದ ಕಡೆಗೆ ಹರಿಗೋಲು ವಾಲಿತು.