ಅಕ್ಕ ಸಸ್ಯಶಾಸ್ತ್ರ ಆರಿಸಿದ ವಾರ

ನಾನು ಚಿಕ್ಕವನಿದ್ದಾಗ ಒಂದು ಸೋಮವಾರ, ಸರಿಯಾಗಿ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ, ಬೆಳ್ತಂಗಡಿಯ ಆಚೆ ದೊಡ್ಡ ಬಂಡೆಯೊಂದರ ಬುಡದಲ್ಲಿ ಬಿಳಿ ಹೊಗೆ ಎದ್ದಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿದೆ, ಏಕೆಂದರೆ ಆಗಷ್ಟೇ ಅಕ್ಕನ ಕೈ ಹಿಡಿದು ಅವಳ ಗಡಿಯಾರ ಓದಿದ್ದೆ. ಮುಳ್ಳು ಓದಲು ಕಲಿತು ಒಂದು ತಿಂಗಳಾಗಿತ್ತಷ್ಟೇ.

ಆ ವರ್ಷ ಅಕ್ಕ ಪಿಯುಸಿ ಮುಗಿಸಿದ್ದಳು. ಕಾಲೇಜಿನ ಅರ್ಜಿಯಲ್ಲಿ ವಿಷಯ ಬರೆಯುವ ಸಾಲು ಇನ್ನೂ ಖಾಲಿಯಿತ್ತು. ಪಾಣೆಮಂಗಳೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಅವಳು ಕಾಮರ್ಸ್ ಓದಿ ಬ್ಯಾಂಕು ಸೇರಲಿ ಎಂಬ ಆಸೆ. ಅಕ್ಕನಿಗೆ ಬೇಕಾದದ್ದು ಸಸ್ಯಶಾಸ್ತ್ರ. ಶನಿವಾರ ಕೊನೆಯ ದಿನ. ಅಪ್ಪನ ಸಹಿ ಇಲ್ಲದೆ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ.

ಸಸ್ಯಶಾಸ್ತ್ರ ಕಲಿಸುವ ಮಾಸ್ಟ್ರಿಗೆ ಒಂದು ಪದ್ಧತಿಯಿತ್ತು. ತಮ್ಮ ವಿಷಯ ಬೇಕೆಂದವರನ್ನು ಮೊದಲು ಒಂದು ದಿನ ಕಾಡಿನಲ್ಲಿ ನಡೆಸುತ್ತಿದ್ದರು. “ಕಾಲು ನೋವಾದರೆ ಬೇಸರ ಮಾಡಬೇಡಿ. ಕಾಮರ್ಸಿನಲ್ಲಿ ಕೂತುಕೊಳ್ಳಲಿಕ್ಕೆ ಒಳ್ಳೆ ಬೆಂಚು ಉಂಟು,” ಎಂದು ನಗಿಸುತ್ತಿದ್ದರು. ಅಕ್ಕನ ಜೊತೆಗೆ ಒಬ್ಬರಿರಲಿ ಎಂದು ಅಪ್ಪ ನನ್ನನ್ನೂ ಕಳುಹಿಸಿದರು.

ಹೊಸ ಮಳೆಗೆ ಬಂಡೆಯ ಸಂದಿಗಳಲ್ಲಿ ಜರೀಗಿಡಗಳು ಸುರುಳಿ ಬಿಚ್ಚುತ್ತಿದ್ದವು. ಕಿತ್ತ ಗಿಡಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಡಬೇಕಿತ್ತು. ತುಂತುರಿಗೆ ಪತ್ರಿಕೆಗಳೆಲ್ಲ ಒದ್ದೆಯಾಗಿದ್ದವು. ಒಣಗಿಸಲು ಮಾಸ್ಟ್ರು ಸಣ್ಣದೊಂದು ಬೆಂಕಿ ಮಾಡಿದರು. ಅವರು ಆಚೆ ತಿರುಗಿದಾಗ, ಉರಿ ದೊಡ್ಡದಾಗಲಿ ಎಂದು ನಾನು ಒಂದು ತೆಕ್ಕೆ ಹಸಿ ಎಲೆ ಹಾಕಿದೆ. ಹೊಗೆ ಬಂಡೆಗೆ ಅಂಟಿಕೊಂಡು ಮೇಲೇರಿತು. ಮಳೆ ಹಿಡಿಯುವ ಮೊದಲೇ ಬಂಡೆಯ ಮೇಲಿನ ಗೂಡು ಬಿಟ್ಟು ಹೋಗುವ ಹೆಜ್ಜೇನು ಆ ವರ್ಷ ಇನ್ನೂ ಹೋಗಿರಲಿಲ್ಲ.

ಮೊದಲು ಸದ್ದು ಬಂತು, ದೂರದಲ್ಲಿ ಲಾರಿ ಏರು ಹತ್ತಿದಂತೆ. ಈಗಲೂ ಅಂಥ ಸದ್ದು ಕೇಳಿದರೆ ನನ್ನ ಕೈ ಕಿವಿಗೆ ಹೋಗುತ್ತದೆ. “ಪೊದೆಯೊಳಗೆ ನುಗ್ಗಿ! ತಲೆ ಮುಚ್ಚಿ!” ಎಂದು ಮಾಸ್ಟ್ರು ಕೂಗಿದರು. ತಮ್ಮ ಅಂಗಿ ಬಿಚ್ಚಿ ನನ್ನನ್ನೂ ಅಕ್ಕನನ್ನೂ ಮುಚ್ಚಿ, ಮೇಲೆ ತಾವೇ ಅಡ್ಡ ಬಿದ್ದರು. ಅಂಗಿಯೊಳಗೆ ಕತ್ತಲೆ, ಬೆವರು, ಜೊತೆಗೆ ಕಳಿತ ಬಾಳೆಹಣ್ಣಿನಂಥ ವಾಸನೆ. ಕಚ್ಚಿದ ಜೇನಿನ ಮುಳ್ಳಿಗೆ ಆ ವಾಸನೆ ಎಂದು ಆಮೇಲೆ ತಿಳಿಯಿತು.

ಶುಕ್ರವಾರ ಮಾಸ್ಟ್ರು ನಮ್ಮ ಮನೆಗೆ ಬಂದರು. ಊದಿದ ಕೆನ್ನೆಗಳ ನಡುವೆ ಅವರ ಕಣ್ಣು ಎರಡು ಗೀರುಗಳಾಗಿದ್ದವು.

“ತಪ್ಪು ನನ್ನದು. ಜೇನು ಹೋಗಿರ್ತದೆ ಅಂತ ತಿಳಿದು ಬೆಂಕಿ ಹಾಕಿದೆ,” ಎಂದರು.

“ಹಾಗಾದರೆ ಇನ್ನು ಮಾತೆಂತ ಮಾಸ್ಟ್ರೇ? ಮಗಳು ಕಾಮರ್ಸಿಗೇ ಹೋಗಲಿ,” ಎಂದರು ಅಪ್ಪ.

ನಾಲ್ಕು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು. “ಹಸಿ ಎಲೆ ಹಾಕಿದ್ದು ನಾನಪ್ಪಾ.”

ಅಪ್ಪ ಮಾಸ್ಟ್ರ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತಾ?”

“ಹೊಗೆ ನೋಡುವಾಗಲೇ ಗೊತ್ತಾಯ್ತು. ಆದರೆ ಇವ ಸಣ್ಣವ ಅಲ್ವಾ? ಬೆಂಕಿಯ ಹತ್ತಿರ ಬಿಟ್ಟದ್ದು ನಾನು.”

ಅಪ್ಪ ಆ ಊದಿದ ಮುಖ ನೋಡಿ, ಅಕ್ಕನ ಅರ್ಜಿಯನ್ನು ಹತ್ತಿರ ಎಳೆದುಕೊಂಡರು. “ಇನ್ನು ಕಾಡಿಗೆ ಹೋಗುವಾಗ ಇವನನ್ನು ಮಾತ್ರ ಕರ್ಕೊಂಡು ಹೋಗಬೇಡಿ ಮಾರಾಯ್ರೇ,” ಎಂದು ಅಕ್ಕನಲ್ಲಿ ಪೆನ್ನು ಕೇಳಿದರು.

ಮಕ್ಕಳೇ, ಮಿಜಾರಿನಲ್ಲಿ ಓದುವ ನಿಮ್ಮ ದೊಡ್ಡಣ್ಣ ಮೊಬೈಲಿನಲ್ಲೇ ಕೋರ್ಸು ಆರಿಸಿದ. ಯಾರ ಪಾಠ ಹೇಗೆ ಎಂಬುದಕ್ಕೆ ಅಲ್ಲೇ ನಕ್ಷತ್ರ ಎಣಿಸಿದ. ಅದೂ ಒಳ್ಳೆಯದೇ, ಜೇನು ಕಚ್ಚುವುದಿಲ್ಲ. ನಮ್ಮ ಕಾಲದಲ್ಲಿ ಕಲಿಸುವವರನ್ನು ಅವರ ಜೊತೆ ನಡೆದೇ ತಿಳಿಯಬೇಕಿತ್ತು. ಸೋಮವಾರದಿಂದ ರಾತ್ರಿಯೆಲ್ಲ ಬೆಚ್ಚಿ ಏಳುತ್ತಿದ್ದ ನಾನು ಆ ಶುಕ್ರವಾರ ಮಲಗಿದವನು ಬಿಸಿಲು ಬಂದ ಮೇಲೆಯೇ ಕಣ್ಣು ಬಿಟ್ಟೆ. ಅಷ್ಟರಲ್ಲಿ ಅಕ್ಕ ಅರ್ಜಿ ಹಿಡಿದುಕೊಂಡು ಮೊದಲ ಬಸ್ಸಿಗೆ ಹೋಗಿಯಾಗಿತ್ತು.